ಹಸಿರು ಸೀರೆಯ ದೂರು

ನಾನು ಹಾನಗಲ್ಲಿನ ಅಂಚೆ ಕಚೇರಿಯ ಕೌಂಟರಿನಲ್ಲಿ ಕುಳಿತೇ ನಿವೃತ್ತನಾದವನು. ಪಾರ್ಸೆಲ್ಲು ತೂಗುವುದು, ರಸೀದಿ ಕೊಡುವುದು, ಬಾರದ ಪತ್ರಗಳಿಗಾಗಿ ಬೈಸಿಕೊಳ್ಳುವುದು, ಇವೇ ನನ್ನ ಹಗಲುಗಳಾಗಿದ್ದವು. ಬೈಯುವವರ ಮುಖ ಎದುರಿಗೇ ಇರುತ್ತಿತ್ತು. ‘ಕುಂತ್ರಿ, ನೋಡೂಣು’ ಎಂದು ಒಂದು ಲೋಟ ನೀರು ಕೊಟ್ಟರೆ ಅರ್ಧ ಸಿಟ್ಟು ಅಲ್ಲೇ ಇಳಿಯುತ್ತಿತ್ತು. ಇಷ್ಟು ತಿಳಿದಿದ್ದ ನಾನು, ಮುಖ ನೋಡಿರದ ಒಬ್ಬ ಹೆಣ್ಣುಮಗಳಿಗೆ ಫೋನಿನಲ್ಲಿ ಒಂದು ಮಾತು ಬರೆದೆ. ಅದು ಹೇಗಾಯಿತು ಎಂಬುದನ್ನು ಹೇಳುತ್ತೇನೆ.

ನನಗಿಂತ ಒಂಬತ್ತು ವರ್ಷ ದೊಡ್ಡವಳಾದ ಅಕ್ಕ ಶಿಗ್ಗಾಂವಿಯಲ್ಲಿ ಮಗ, ಸೊಸೆಯ ಜೊತೆ ಇದ್ದಾಳೆ. ಬುದ್ಧಿ ಬಂದಾಗಿನಿಂದ ಕೌದಿ ಹೊಲಿಯುತ್ತಾಳೆ. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನಿಟ್ಟು, ಅಂಚಿನಿಂದ ನಡುವಿನ ಕಡೆಗೆ ಸಾಲು ಸಾಲಾಗಿ ಸೂಜಿ ಓಡಿಸುತ್ತಾಳೆ. ಒಂದು ಕೌದಿಗೆ ಎರಡು ಮೂರು ತಿಂಗಳು ಬೇಕು. ಓಣಿಯವರಿಗೆ, ಬೀಗರಿಗೆ, ಬಾಣಂತಿಯರಿಗೆ ಹೊಲಿದು ಕೊಡುತ್ತಿದ್ದಳು. ಮಾರಬೇಕೆಂಬ ವಿಚಾರ ಅವಳಿಗೆ ಎಂದೂ ಇರಲಿಲ್ಲ. ನನ್ನ ಮಗಳು ಒಮ್ಮೆ ತವರಿಗೆ ಬಂದಾಗ, ಹೊರಸಿನ ಮೇಲೆ ಹಾಸಿದ್ದ ಕೌದಿಯ ಫೋಟೋ ತೆಗೆದು ಸಾಮಾನು ಮಾರುವ ಆ್ಯಪ್ ಒಂದರಲ್ಲಿ ಹಾಕಿದಳು. ವಾರದೊಳಗೆ ಮೂವರು ಕೇಳಿದರು. ಮಗಳು ಗಂಡನ ಮನೆಗೆ ಹೋದಳು. ಕೇಳಿದವರಿಗೆ ಉತ್ತರ ಬರೆಯುವ ಕೆಲಸ ನನಗೆ ಬಂತು.

ಎಂಥೆಂಥ ಜನ ಬಂದರು. ‘ಇದು ಮಷಿನ್ ಹೊಲಿಗೆನಾ’ ಎಂದು ಕೇಳಿ, ಅಲ್ಲವೆಂದ ಮೇಲೆ ‘ಮತ್ತೆ ಹೊಲಿಗೆ ಸೊಟ್ಟ ಯಾಕೆ’ ಎಂದವರಿದ್ದರು. ಒಂದು ತಿಂಗಳು ದಿನಾ ಫೋಟೋ ಕೇಳಿ ಕಡೆಗೆ ‘ಸುಮ್ಮನೆ ನೋಡಿದೆ’ ಎಂದವರೂ ಇದ್ದರು. ಮಿಲಿಟರಿಯವನು ಎಂದು ಹೇಳಿಕೊಂಡ ಒಬ್ಬ, ಹಣ ಬರಬೇಕಾದರೆ ತಾನು ಕಳಿಸಿದ ಚೌಕದ ಗುರುತನ್ನು ಸ್ಕ್ಯಾನ್ ಮಾಡಿರಿ ಎಂದ. ಆ ಮೋಸದ ಕತೆಯನ್ನು ಕೌಂಟರಿನಲ್ಲಿ ಬೇಕಾದಷ್ಟು ಸಲ ಕೇಳಿದ್ದೆನಾದ್ದರಿಂದ ಬಚಾವಾದೆ. ಸವಣೂರಿನ ಅಂಗಡಿಕಾರರೊಬ್ಬರು ಎರಡು ಕೌದಿ ತರಿಸಿಕೊಂಡು, ಹದಿನೈದು ದಿನದ ಮೇಲೆ ‘ಬಣ್ಣ ಹಿಡಿಸಲಿಲ್ಲ’ ಎಂದು ಎರಡನ್ನೂ ವಾಪಸು ಕಳಿಸಿದರು. ಬಿಚ್ಚಿದರೆ ಒಂದರ ಮೇಲೆ ಎಲೆಯಡಿಕೆಯ ಕಲೆ, ಇನ್ನೊಂದಕ್ಕೆ ಅತ್ತರಿನ ವಾಸನೆ. ಅವರ ಮನೆಯ ಮದುವೆಗೆ ಬಂದ ಬೀಗರು ಅದರ ಮೇಲೆ ಮಲಗಿ ಎದ್ದು ಹೋಗಿದ್ದರು. ನಾನು ಕುದಿದೆ. ಅಕ್ಕ ಎರಡನ್ನೂ ಬಿಸಿನೀರಿನಲ್ಲಿ ನೆನೆಹಾಕಿ, ‘ಮಲಗಾಕರ ಬಂತಲ್ಲ, ಬಿಡು’ ಅಂದಳು.

ಇಂಥವರ ನಡುವೆ ಹಿರೇಕೆರೂರಿನಿಂದ ಒಬ್ಬ ಹೆಣ್ಣುಮಗಳು ಬರೆದಳು. ಹೈಸ್ಕೂಲ್ ಶಿಕ್ಷಕಿ. ತಾಯಿ ತೀರಿಕೊಂಡು ಆರು ತಿಂಗಳಾಗಿದೆ, ಅವರ ಸೀರೆಗಳನ್ನು ಕಳಿಸುತ್ತೇನೆ, ಅವುಗಳಿಂದಲೇ ಒಂದು ಕೌದಿ ಹೊಲಿದು ಕೊಡುತ್ತೀರಾ ಎಂದು ಕೇಳಿದಳು. ಅಕ್ಕ ಒಪ್ಪಿದಳು. ನಮ್ಮ ಕಡೆ ಅದು ಹೊಸದೇನಲ್ಲ. ಹಳೆಯ ಸೀರೆಯ ಗಂಟು ಪಾರ್ಸೆಲ್ಲಿನಲ್ಲಿ ನನ್ನ ಮನೆಗೆ ಬಂತು. ಬಿಚ್ಚಿ ನೋಡದೆ, ಎಷ್ಟಿವೆ, ಯಾವ ಬಣ್ಣದವು ಎಂದು ಬರೆದುಕೊಳ್ಳದೆ, ಅದನ್ನು ಹಾಗೇ ಶಿಗ್ಗಾಂವಿಯ ಬಸ್ಸಿನಲ್ಲಿ ಒಯ್ದು ಅಕ್ಕನಿಗೆ ಕೊಟ್ಟೆ. ಸರ್ವೀಸಿನಲ್ಲಿದ್ದಷ್ಟು ದಿನ ಒಂದು ಲಕೋಟೆಯನ್ನೂ ರಸೀದಿಯಿಲ್ಲದೆ ಮುಟ್ಟದವನು ಅಂದು ಯಾಕೆ ಹಾಗೆ ಮಾಡಿದೆನೋ. ಹಳೆಯ ಬಟ್ಟೆ ತಾನೆ ಎಂದುಕೊಂಡಿರಬೇಕು.

ಮಳೆಗಾಲ ಪೂರ್ತಿ ಅಕ್ಕ ಅದನ್ನೇ ಹೊಲಿದಳು. ದಸರೆಗೆ ಮುಂಚೆ ಕೌದಿ ಹಿರೇಕೆರೂರು ಸೇರಿತು. ಎರಡು ದಿನದ ಮೇಲೆ ಫೋನಿನಲ್ಲಿ ಒಂದೇ ಸಾಲು ಬಂತು: ‘ಹಸಿರು ಸೀರೆ ಎಲ್ಲಿ?’

ಅಕ್ಕನಿಗೆ ಫೋನ್ ಮಾಡಿದೆ.

‘ಹಸರದಾ? ಅದು ಒಳಗೈತಿ,’ ಅಂದಳು. ‘ಭಾಳ ಜೂನ ಆಗಿತ್ತಪ. ಸೂಜಿ ಚುಚ್ಚಿದ್ರ ಹರಿತಿತ್ತು. ಮ್ಯಾಲ ಹಾಕಿದ್ರ ಎರಡ ಒಗತಕ್ಕ ಚಿಂದಿ ಆಗತಿತ್ತು. ಅದಕ್ಕ ಮಡಚಿ ನಡುವ ಇಟ್ಟು, ಸುತ್ತ ಹೊಲದೇನಿ.’

ಇದನ್ನೇ ಬರೆದು ತಿಳಿಸಿದೆ. ಆಕೆ ನಂಬಲಿಲ್ಲ. ಒಳಗಿದೆ ಎಂದು ಯಾರು ಬೇಕಾದರೂ ಹೇಳಬಹುದು ಎಂದಳು. ಒಂದು ಕಡೆ ಹೊಲಿಗೆ ಬಿಚ್ಚಿ ನೋಡಿಕೊಳ್ಳಿ ಎಂದೆ. ದುಡ್ಡು ಕೊಟ್ಟು ಮಾಡಿಸಿದ್ದನ್ನು ನಾನೇ ಯಾಕೆ ಕೆಡಿಸಿಕೊಳ್ಳಲಿ ಎಂದಳು. ನಾಲ್ಕು ದಿನ ಇದೇ ನಡೆಯಿತು. ಐದನೆಯ ದಿನ ಅವಳು ನನ್ನ ನಂಬರನ್ನು ತಡೆಹಿಡಿದು, ಆ್ಯಪಿನಲ್ಲಿ ಎಲ್ಲರೂ ಓದುವ ಜಾಗದಲ್ಲಿ ಕೌದಿಯ ಫೋಟೋ ಹಾಕಿ ಬರೆದಳು: ‘ಇವರಿಗೆ ಬಟ್ಟೆ ಕೊಡಬೇಡಿ. ನನ್ನ ತಾಯಿಯ ಸೀರೆ ಕದ್ದಿದ್ದಾರೆ.’

ಅದನ್ನು ಓದಿದೆ. ಮೂರು ತಿಂಗಳು ಕಣ್ಣು ಸೋಲಿಸಿಕೊಂಡು ಹೊಲಿದ ಅಕ್ಕ ಕಳ್ಳಿಯಾದಳಲ್ಲ ಎನಿಸಿತು. ನೀರು ಕುಡಿದು ಬರೆದಿದ್ದರೆ ಬೇರೆ ಬರೆಯುತ್ತಿದ್ದೆ. ಅಲ್ಲೇ, ಅದರ ಕೆಳಗೇ ಬರೆದೆ: ‘ಸತ್ತವರ ಹರಕು ಸೀರೆ ಕದ್ದು ನಾವೇನು ಮಾಡೋಣ? ಅಂಥದ್ದನ್ನು ಬೀದಿಯಲ್ಲಿ ಬಿಸಾಕಿದರೂ ಯಾರೂ ಎತ್ತಿಕೊಳ್ಳುವುದಿಲ್ಲ.’

ಸಂಜೆಯೊಳಗೆ ಏಳು ಮಂದಿ ಅದಕ್ಕೆ ನಗುವ ಮುಖದ ಗುರುತು ಒತ್ತಿದರು. ಆ ಏಳನ್ನು ನಾನು ಎರಡೆರಡು ಸಲ ಎಣಿಸಿ ಸಮಾಧಾನಪಟ್ಟುಕೊಂಡೆ. ಇದನ್ನು ಹೇಳಲು ಈಗ ನಾಚಿಕೆಯಾಗುತ್ತದೆ.

ಮೂರನೆಯ ದಿನ ಬೆಳಿಗ್ಗೆ ಅಕ್ಕ ಹೇಳದೆ ಕೇಳದೆ ಹಾನಗಲ್ಲಿಗೆ ಬಂದಳು. ಕೈಚೀಲದಲ್ಲಿ ಸೂಜಿ, ದಾರ, ಕತ್ತರಿ ಇದ್ದವು. ಚಪ್ಪಲಿ ಬಿಡುವ ಮೊದಲೇ ಅಂದಳು, ‘ನೀ ಬರದಿದ್ದು ಸೊಸಿ ಓದಿ ಹೇಳಿದ್ಲು.’

‘ಆಕಿ ನಿನ್ನ ಕಳ್ಳಿ ಅಂದಾಳಕ್ಕಾ.’

‘ಅಂದ್ಲು. ಆಕಿಗೆ ಗೊತ್ತಿದ್ದಿಲ್ಲ, ಅಂದ್ಲು. ಸೀರಿ ಒಳಗೈತಿ ಅಂತ ನಿನಗ ಗೊತ್ತಿತ್ತು. ಗೊತ್ತಿದ್ದೂ ಅಂಥಾ ಮಾತು ಬರದಿ.’

ನಾನು ವ್ಯಾಪಾರ, ಗಿರಾಕಿ, ಹೆಸರು ಕೆಡುವುದು ಎಂದು ಏನೇನೋ ಹೇಳಿದೆ. ಅವಳು ಕೇಳಿಸಿಕೊಂಡಳು. ‘ಇವತ್ತ ಐತವಾರ, ಮನ್ಯಾಗ ಇರ್ತಾಳ. ನಡಿ,’ ಅಂದಳು.

ಪಾರ್ಸೆಲ್ಲಿನ ಮೇಲಿನ ವಿಳಾಸ ಹಿಡಿದು ಹಿರೇಕೆರೂರಿಗೆ ಹೋದೆವು. ಬಸ್ಸಿನಲ್ಲಿ ಅಕ್ಕ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದಳು. ಮೆಕ್ಕೆಜೋಳ ಒಣಗಿಸಲು ರಸ್ತೆಯ ಅರ್ಧಕ್ಕೆ ಹರವಿದ್ದರಿಂದ ಬಸ್ಸು ನಿಂತು ನಿಂತು ಹೋಯಿತು.

ಬಾಗಿಲು ತೆರೆದವಳಿಗೆ ನಲವತ್ತೈದರ ಆಸುಪಾಸು. ಅಕ್ಕ ಕೈಮುಗಿದು, ‘ಕೌದಿ ಹೊಲದಾಕಿ ನಾನಾರೀ. ಶಿಗ್ಗಾಂವಿಯಿಂದ ಬಂದೇನಿ,’ ಅಂದಳು. ಆಕೆ ಅಕ್ಕನನ್ನು ನೋಡಿದಳು, ನನ್ನನ್ನು ನೋಡಿದಳು. ನಾನು ಯಾರೆಂದು ಕೇಳುವ ಅಗತ್ಯ ಅವಳಿಗೆ ಬೀಳಲಿಲ್ಲ. ‘ನೀವು ಒಳಗ ಬರ್ರಿ’ ಎಂದು ಅಕ್ಕನಿಗಷ್ಟೇ ಹೇಳಿದಳು. ನಾನು ಕಟ್ಟೆಯ ಮೇಲೆ ನಿಂತೆ. ಆಕೆಯ ಗಂಡ ಹೊರಗೆ ಬಂದು, ‘ಬರ್ರಿ ಹಿರ್ಯಾರ, ಬಿಸಿಲಾಗ ಯಾಕ ನಿಂತ್ರಿ’ ಎಂದು ಕರೆದ ಮೇಲೆ ಒಳಗೆ ಹೋದೆ.

ಕೌದಿ ಇನ್ನೂ ಪಾರ್ಸೆಲ್ಲಿನ ಹಾಳೆಯಲ್ಲೇ ಇತ್ತು. ಯಾರೂ ಅದನ್ನು ಹೊದ್ದಿರಲಿಲ್ಲ. ಅಕ್ಕ ಕಿಟಕಿಯ ಬೆಳಕಿಗೆ ಅದನ್ನು ಹಾಸಿಕೊಂಡು ಕತ್ತರಿ ತೆಗೆದಳು.

‘ಬಿಚ್ಚಿದ್ರ ಕೆಡತೈತಿ,’ ಅಂದಳು ಶಿಕ್ಷಕಿ.

‘ಹೊಲದಾಕಿ ನಾನಾ ಅಲ್ಲೇನವಾ. ಮತ್ತ ಹೊಲಿತೇನಿ.’

ಒಂದು ಮೂಲೆಯಿಂದ ಬಿಚ್ಚುತ್ತ ಹೋದಳು. ಒಳಗೆ ಅಕ್ಕ ಆಸರೆಗೆ ಹಾಕಿದ್ದ ಬಿಳಿಯ ಧೋತರ ಕಂಡಿತು. ಇನ್ನಷ್ಟು ಬಿಚ್ಚಿದಳು. ಕೆಂಪು ಸೀರೆಯ ತುಂಡು ಬಂತು, ಮತ್ತೆ ಧೋತರ. ಶಿಕ್ಷಕಿ ತುಟಿ ಕಚ್ಚಿಕೊಂಡು ನೋಡುತ್ತಿದ್ದಳು. ಅಕ್ಕನಿಗೆ ಈಗೀಗ ಮರೆವು ಹೆಚ್ಚು. ಬೇರೆ ಯಾರದೋ ಕೌದಿಯೊಳಗೆ ಆ ಸೀರೆ ಹೋಗಿದ್ದರೆ ಎಂದು ನನಗೆ ಅನುಮಾನ ಬಂತು. ಒಡಹುಟ್ಟಿದವಳ ಮಾತನ್ನು ನಾನೂ ಆ ಹೊತ್ತಿನಲ್ಲಿ ನಂಬಲಿಲ್ಲ. ಹಾಗಿದ್ದಾಗ, ಅವಳನ್ನು ಎಂದೂ ಕಂಡಿರದ ಈ ಹೆಣ್ಣುಮಗಳು ನಂಬದಿದ್ದುದಕ್ಕೆ ನಾನು ಅಷ್ಟು ಸಿಟ್ಟಾಗಿದ್ದೆ.

ಅಕ್ಕ ಅವಸರ ಮಾಡಲಿಲ್ಲ. ಕೈ ಒಳಗೆ ಹಾಕಿ ತಡವಿ, ಕೌದಿಯನ್ನು ತಿರುಗಿಸಿಕೊಂಡು, ನಡುವಿನ ಹೊಲಿಗೆಯನ್ನು ಬಿಚ್ಚಿದಳು. ಹಸಿರು ಕಂಡಿತು. ಗಿಳಿಹಸಿರು ಇದ್ದದ್ದು ಮಾಸಿ, ತೊಳೆದ ಎಲೆಯ ಹಾಗಾಗಿತ್ತು. ಅಕ್ಕ ಅದನ್ನು ಕತ್ತರಿಸಿರಲೇ ಇಲ್ಲ. ಇಡೀ ಸೀರೆಯನ್ನು ಮಡಚಿ ಇಟ್ಟಿದ್ದಳು.

ಶಿಕ್ಷಕಿ ನೆಲದ ಮೇಲೆ ಕುಳಿತು ಅದರ ಮೇಲೆ ಅಂಗೈ ಇಟ್ಟಳು. ನೂಲು ಸವೆದ ಕಡೆ ಬೆರಳಾಡಿಸಿದಳು. ಆಮೇಲೆ ಕೇಳಿದಳು, ‘ಇಷ್ಟು ಜೂನ ಆಗಿತ್ತೇನ್ರಿ?’

‘ಹೌದವಾ. ಸೂಜಿ ತಡೀತಿದ್ದಿಲ್ಲ.’

‘ನಾನಾ ಒಗದು ಒಗದು ಸವಿಸೇನಿ ಇದನ್ನ,’ ಅಂದಳು. ‘ಎರಡು ವರ್ಷ ಹಾಸಿಗಿ ಹಿಡದಿದ್ಲು ನಮ್ಮವ್ವ. ಬ್ಯಾರೇದು ಉಡಿಸಿದ್ರ ಮೈ ಉರಿತೈತಿ ಅಂತಿದ್ಲು. ಇದ ಬೇಕು. ಮುಂಜಾನಿ ಒಗದು, ಒಣಗಿಸಿ, ಸಾಲಿಯಿಂದ ಬಂದು ಮತ್ತ ಇದನ್ನ ಉಡಸ್ತಿದ್ದೆ.’

ಇನ್ನೂ ಹೇಳಿದಳು. ತಾಯಿ ತೀರಿದ ಮೂರನೆಯ ದಿನ ಟ್ರಂಕು ತೆಗೆದರೆ ಒಳ್ಳೆಯ ಸೀರೆಗಳೆಲ್ಲ ಇರಲಿಲ್ಲ. ಮನೆ ತುಂಬ ಬಳಗವಿತ್ತು. ಒಯ್ದವರು ಯಾರೆಂದು ಕೇಳಿದರೆ ಸಂಬಂಧ ಹರಿಯುತ್ತದೆಂದು ಸುಮ್ಮನಾದಳು. ಉಳಿದ ಏಳನ್ನು ನಮಗೆ ಕಳಿಸಿದ್ದಳು. ‘ಕೌದಿ ಬಂದಾಗ ಮೊದಲು ಇದನ್ನ ಹುಡುಕಿದ್ನಿರಿ. ಕಾಣಲಿಲ್ಲ. ಇದನ್ನೂ ಒಯ್ದ್ರು ಅನಿಸ್ತು.’

ನನ್ನ ಸರದಿ ಬಂದಿತ್ತು. ‘ನಾ ಬರದಿದ್ದು ತಪ್ಪಾತು ತಂಗಿ. ಬರೀಬಾರದಿತ್ತು,’ ಅಂದೆ.

ಆಕೆ ನನ್ನತ್ತ ನೋಡಲಿಲ್ಲ. ‘ಅದನ್ನ ಓದಿದ ದಿವಸ ನಾ ಸಾಲಿಗೆ ಹೋಗಲಿಲ್ಲರಿ,’ ಅಂದಳು. ಆಕೆ ಪರವಾಗಿಲ್ಲ ಎನ್ನಲಿಲ್ಲ. ಎನ್ನಬೇಕಾಗಿಯೂ ಇರಲಿಲ್ಲ.

‘ಮ್ಯಾಲ ಕಾಣಬೇಕಿತ್ತೇನವಾ?’ ಅಕ್ಕ ಕೇಳಿದಳು.

‘ಹೌದ್ರಿ.’

‘ನಾ ಕೇಳಬೇಕಿತ್ತು. ನನಗ ಕೌದಿ ಗಟ್ಟಿ ಆದ್ರ ಸಾಕಾಗಿತ್ತು.’

ನಡುವಿನ ಒಂದು ಚೌಕವನ್ನು ಅಕ್ಕ ಪೂರ್ತಿ ಬಿಚ್ಚಿ ತೆಗೆದಳು. ಹಸಿರು ಸೀರೆಯ ಅಂಚನ್ನು ಅಲ್ಲಿಗೆ ಎಳೆದು, ಅಡಿಗೆ ಧೋತರದ ಆಸರೆ ಕೊಟ್ಟು, ಸುತ್ತಲೂ ಹೊಲಿದಳು. ಹಸಿರಿನ ಮೇಲೆ ಒಂದೂ ಸೂಜಿ ಹಾಯದ ಹಾಗೆ ನೋಡಿಕೊಂಡಳು. ಶಿಕ್ಷಕಿ ಪಕ್ಕದಲ್ಲಿ ಕುಳಿತು ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದಳು. ಇಬ್ಬರೂ ತಮ್ಮ ತಮ್ಮ ತಾಯಂದಿರ ಬಗ್ಗೆ ಏನೋ ಮಾತಾಡಿಕೊಳ್ಳುತ್ತಿದ್ದರು. ನಮ್ಮ ಅವ್ವನ ಬಗ್ಗೆ ನಾನೇ ಎಂದೂ ಕೇಳದ ಸಂಗತಿಗಳನ್ನು ಅಕ್ಕ ಆ ಅಪರಿಚಿತಳಿಗೆ ಹೇಳಿದಳು. ಮಧ್ಯಾಹ್ನ ರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿದರು. ನನ್ನ ತಾಟಿಗೂ ಶಿಕ್ಷಕಿಯೇ ಬಡಿಸಿದಳು. ನಾಲ್ಕರ ಬಸ್ಸಿಗೆ ಹೊರಟೆವು.

ಬಸ್ ಸ್ಟ್ಯಾಂಡಿನಲ್ಲಿ ಕುಳಿತು ನಾನು ಬರೆದ ಸಾಲನ್ನು ಅಳಿಸಿದೆ. ಅಳಿಸಿದರೆ ಓದಿದವರು ಮರೆಯುವುದಿಲ್ಲ ಎಂದು ಗೊತ್ತಿತ್ತು. ಶಿಕ್ಷಕಿ ತನ್ನ ದೂರನ್ನು ಅಳಿಸಲಿಲ್ಲ. ಅದರ ಕೆಳಗೆ ‘ಸೀರೆ ಸಿಕ್ಕಿತು’ ಎಂದು ಎರಡು ಶಬ್ದ ಸೇರಿಸಿದಳು. ಅದು ಈಗಲೂ ಹಾಗೇ ಇದೆ. ಅದನ್ನು ಓದಿ ಕೆಲವರು ನಮ್ಮನ್ನು ಬಿಟ್ಟು ಬೇರೆ ಕಡೆ ಹೋಗುತ್ತಾರೆ. ಹೋಗಲಿ ಎನ್ನುತ್ತಾಳೆ ಅಕ್ಕ.

ಈಗ ಯಾರ ಬಟ್ಟೆ ಬಂದರೂ ಒಂದೊಂದನ್ನೇ ಬಿಡಿಸಿ, ಬರೆದುಕೊಂಡು, ಫೋಟೋ ಕಳಿಸುತ್ತೇನೆ. ಯಾವುದು ಮೇಲೆ ಕಾಣಬೇಕು, ಯಾವುದನ್ನು ಕತ್ತರಿಸಬಾರದು ಎಂದು ಕೇಳುತ್ತೇನೆ. ಕೆಲವರಿಗೆ ಕಿರಿಕಿರಿಯಾಗುತ್ತದೆ, ‘ಹೊಲಿಯೋದು ಹೊಲೀರಿ, ಇಷ್ಟೆಲ್ಲ ಯಾಕೆ’ ಎನ್ನುತ್ತಾರೆ. ಒರಟಾಗಿ ಬರೆದವರಿಗೆ ಅದೇ ದಿನ ಉತ್ತರ ಕೊಡುವುದನ್ನು ಬಿಟ್ಟಿದ್ದೇನೆ. ಅವರಲ್ಲಿ ನಿಜವಾದ ಮೋಸಗಾರರೂ ಇರುತ್ತಾರೆ. ಎಲ್ಲರ ಹಿಂದೆಯೂ ಒಂದು ದುಃಖ ಇದ್ದೇ ಇರುತ್ತದೆ ಎಂದು ನಾನು ಹೇಳಲಾರೆ. ಸವಣೂರಿನವರ ಹಿಂದೆ ನನಗೆ ಮದುವೆಯೂಟದ ಹೊರತು ಏನೂ ಕಾಣಲಿಲ್ಲ.

ಕಳೆದ ಬೇಸಿಗೆಯಲ್ಲಿ ದುಂಡಸಿಯ ಕಡೆಯಿಂದ ಒಬ್ಬ ರೈತರು ಪಾರ್ಸೆಲ್ ಕಳಿಸಲೊಪ್ಪದೆ, ತಾವೇ ಗಂಟು ಹೊತ್ತು ಅಕ್ಕನ ಮನೆಗೆ ಬಂದರು. ತೀರಿಹೋದ ಹೆಂಡತಿಯ ಬಟ್ಟೆಗಳು. ನಾನೂ ಅಲ್ಲಿದ್ದೆ. ವಾರದಿಂದ ಆ ಮನುಷ್ಯ ಫೋನಿನಲ್ಲಿ ಪ್ರಶ್ನೆಗಳ ಮೇಲೆ ಪ್ರಶ್ನೆ ಹಾಕಿ ನನ್ನ ಜೀವ ತಿಂದಿದ್ದರು. ಒಂದೊಂದೇ ಸೀರೆ ತೆಗೆದು, ಇದು ಯಾವ ಮದುವೆಯಲ್ಲಿ ತಂದದ್ದು, ಇದನ್ನು ಉಟ್ಟು ಯಾವ ಹೊಲಕ್ಕೆ ಬುತ್ತಿ ತರುತ್ತಿದ್ದಳು ಎಂದು ಹೇಳಿದರು. ಅಕ್ಕ ಎಲ್ಲವನ್ನೂ ಕೇಳಿ, ಚಹಾ ಕೊಟ್ಟಳು. ಗಂಟು ಖಾಲಿಯಾದ ಮೇಲೆ ಅವರು ಕಡೆಯ ಸೀರೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತರು. ‘ಕತ್ತರಿ ಹಾಕೂದು ಬ್ಯಾಡ ಅನಸ್ತೈತಿ ಯಕ್ಕಾ,’ ಅಂದರು. ಅಕ್ಕ ತಲೆಯಾಡಿಸಿ, ಸೀರೆಗಳನ್ನು ಒಂದೊಂದಾಗಿ ಮಡಚಿ ಗಂಟಿನಲ್ಲಿಟ್ಟು ಕೊಟ್ಟಳು. ಅವರು ಅದನ್ನು ಹೆಗಲಿಗೇರಿಸಿಕೊಂಡು ಬಸ್ಸಿಗೆ ಹೋದರು.