ಜುಂಬಾ ಕ್ಲಾಸಿನ ಮುಂದಿನ ಸಾಲಿನಲ್ಲಿ ನಮ್ಮತ್ತೆ

ಗೆಳೆಯರೇ, ಯೋಗದಲ್ಲಿ ಕಣ್ಣು ಮುಚ್ಚಿ ಕೂರಲಾಗದೆ, ಜಿಮ್ಮಿನಲ್ಲೂ ಬೇಸರ ಬಂದು, ಇವತ್ತು ಬೆಳಿಗ್ಗೆ ಮನೆಯಲ್ಲಿ ಯಾರಿಗೂ ಹೇಳದೆ ಕುಮಟೆಯ ಜುಂಬಾ ಕ್ಲಾಸಿಗೆ ಹೋದೆ. ಮುಂದಿನ ಸಾಲಿನಲ್ಲಿ ಸೀರೆ ಎತ್ತಿ ಕಟ್ಟಿಕೊಂಡ ಹೆಂಗಸೊಬ್ಬರು ಎಲ್ಲರನ್ನೂ ಮೀರಿಸಿ ಕುಣಿಯುತ್ತಿದ್ದರು. ತಿರುಗಿದಾಗ ನೋಡಿದರೆ ನಮ್ಮತ್ತೆ! ದಿನಾ ಭಜನೆಗೆಂದು ಹೊರಡುತ್ತಿದ್ದವರು. ನನ್ನ ಕಾಲು ನಿಂತೇಹೋಯಿತು.

“ಎಂತ ನೋಡ್ತೆ? ಕೈ ಎತ್ತು!” ಎಂದು ಏದುಸಿರಿನಲ್ಲೇ ಗದರಿದರು.

“ಅತ್ತೆ, ನಿಮ್ಮ ಮಂಡಿನೋವು?”

“ಅದು ಮನೇಲಿ ಮಾತ್ರ ಬರೂದು. ಯಾರಿಗೂ ಹೇಳೂದು ಬ್ಯಾಡ, ಆತಾ?”

ಆತು ಎಂದೆ. ಸ್ಕೂಟರಿನಲ್ಲಿ ನನ್ನ ಹಿಂದೆ ಕೂತು ಬರುವಾಗ ಅತ್ತೆ ದಾರಿಯುದ್ದಕ್ಕೂ ನನ್ನ ಸೊಂಟ ಬಗ್ಗುವುದಿಲ್ಲವೆಂದು ದೂರಿದರು. ಇನ್ನು ಹೊನ್ನಾವರದಲ್ಲಿ ಬೇರೆ ಕ್ಲಾಸು ಹುಡುಕಬೇಕು. ಆದರೆ ಅಲ್ಲಿ ನನ್ನಮ್ಮ ಇದ್ದಾಳೆ, ಅವಳೂ ಈಚೆಗೆ ಬೆಳಿಗ್ಗೆ ಫೋನ್ ಎತ್ತುತ್ತಿಲ್ಲ.