ಒಂದೇ ಈಡು

ನಮ್ಮ ಕೊಡವರಲ್ಲಿ ಗಂಡುಮಗು ಹುಟ್ಟಿದರೆ ಕೋವಿಯಿಂದ ಒಂದು ಈಡು, ಸಾವಾದರೆ ಎರಡು. ಕೇಳಿದವರಿಗೆ ಬೇರೆ ಸುದ್ದಿ ಬೇಕಾಗಿರಲಿಲ್ಲ. ಮೈಸೂರಿನವಳಾದ ನನ್ನ ಹೆಂಡತಿಗೆ ಮದುವೆಯಾದಂದಿನಿಂದ ಇದು ತಮಾಷೆಯ ವಿಷಯ. “ಸತ್ತಾಗಲೂ ಪಟಾಕೀನೇನ್ರೀ ನಿಮ್ಮೋರಿಗೆ?” ಎನ್ನುತ್ತಿದ್ದಳು.

ನಾವು ಬಂದು ನೆಲೆಸಿದ್ದು ಇಂಗ್ಲಿಷರ ನಾಡಿನಲ್ಲಿ. ವಿಮಾನದ ಸದ್ದಿಗೆ ಯಾರೂ ತಲೆಯೆತ್ತದ ಹೌನ್ಸ್ಲೋದಲ್ಲಿ ಕೋವಿಯ ಸದ್ದಾದರೆ ಪೊಲೀಸರು ಬರುತ್ತಾರೆ. ನನ್ನ ರೈಫಲ್‌ಗೆ ಲೈಸೆನ್ಸ್ ಇದೆ. ಅದನ್ನು ಹಾರಿಸುವುದು ಅಕ್ಸ್‌ಬ್ರಿಡ್ಜ್ ಆಚೆಯ ಶೂಟಿಂಗ್ ಕ್ಲಬ್‌ನಲ್ಲಿ, ಭಾನುವಾರ ಬೆಳಿಗ್ಗೆ ಮಾತ್ರ.

ನಿವೃತ್ತಿಯ ನಂತರ, ಹಾರಿಸಿದ ತೋಟಾಗಳನ್ನು ಮನೆಯಲ್ಲೇ ಮತ್ತೆ ತುಂಬಲು ಕಲಿತೆ. ಹೇಳಿಕೊಟ್ಟವನು ಕ್ಲಬ್‌ನ ರೇಂಜ್ ಆಫೀಸರ್, ಗುಂಡು ಹಾರಿಸುವವರ ಮೇಲೆ ಕಣ್ಣಿಡುವವನು, ಒಂದು ಕಾಲದ ಬಸ್ ಡ್ರೈವರ್. ಮೊದಲು ಕೈಪಿಡಿ ಓದು, ಆಮೇಲೆ ಮುಟ್ಟು ಎಂದ. ರೇಡಿಯೋ ಬಂದ್. ಟೀ ಬೇರೆ ಕೋಣೆಯಲ್ಲಿ. ಮೇಜಿನ ಮೇಲೆ ಕೋವಿಮದ್ದಿನ ಡಬ್ಬಿ ಒಂದೇ. ಬೋರ್ಡಿಂಗ್ ಶಾಲೆಯ ಗಂಟೆಗೆ ಎದ್ದು ಬೆಳೆದ ನನಗೆ ಈ ಶಿಸ್ತು ಹಿಡಿಸಿತು. ಖಾಲಿ ಹಿತ್ತಾಳೆ ಕೊಳವೆಯನ್ನು ತೊಳೆದು, ಒತ್ತುಯಂತ್ರದಲ್ಲಿ ಅಳತೆಗೆ ತಂದು, ತಳದಲ್ಲಿ ಕಿಡಿ ಹೊತ್ತಿಸುವ ಹೊಸ ಕ್ಯಾಪ್ ಕೂರಿಸಿ, ಮದ್ದು ತೂಗಿ ಹಾಕಿ, ಕೊನೆಗೆ ಬಾಯಿಗೆ ಗುಂಡು ಒತ್ತಬೇಕು. ಗುಂಡು ಒತ್ತುವ ಮೊದಲು, ಮದ್ದು ಬಿದ್ದಿದೆಯೇ ಎಂದು ಇನ್ನೊಬ್ಬರು ಒಳಗೆ ನೋಡಲಿ ಎಂದಿದ್ದ.

ಆ ಇನ್ನೊಬ್ಬರು ನನ್ನ ಹೆಂಡತಿ. ಆಸ್ಪತ್ರೆಯಲ್ಲಿ ಜನರ ಗಂಟಲು ನೋಡಿಯೇ ವಯಸ್ಸಾದ ಡಾಕ್ಟರು. ಮದ್ದು ಹಾಕಿ ಕೊಳವೆಗಳನ್ನು ಸಾಲಾಗಿ ನಿಲ್ಲಿಸಿ, ಅವಳನ್ನು ಕರೆದು, ನಾನು ಕೈ ತೊಳೆಯಲು ಹೋಗುತ್ತಿದ್ದೆ. ಅವಳು ಪೆನ್ ಟಾರ್ಚ್ ಹಿಡಿದು ಇಣುಕುತ್ತಿದ್ದಳು.

“ಬಾಯಿ ತೆಗ್ದು ‘ಆ’ ಅನ್ನಪ್ಪ... ಇವನ ಊಟ ಆಗಿದೆ. ಇವನದೂ ಆಗಿದೆ. ರೀ, ಇಲ್ಲೊಬ್ಬ ಉಪವಾಸ ಇದಾನೆ ನೋಡಿ!”

ನಾನು ಮರಳಿ ಬಂದು ಗುಂಡು ಒತ್ತುತ್ತಿದ್ದೆ. ನಮ್ಮ ಶನಿವಾರಗಳು ಹೀಗೆ ಕಳೆದವು.

ಅವಳ ಕಾಯಿಲೆ ವಾಸಿಯಾಗುವಂಥದ್ದಲ್ಲ ಎಂಬುದು ನನಗಿಂತ ಮೊದಲು ಅವಳಿಗೇ ತಿಳಿದಿತ್ತು. ಒಂದು ಮಧ್ಯಾಹ್ನ ಗಂಜಿಯ ಬಟ್ಟಲನ್ನು ಪಕ್ಕಕ್ಕಿಟ್ಟು ಕೇಳಿದಳು.

“ನಂಗೂ ಎರಡು ಈಡು ಹೊಡೀತೀರಿ ತಾನೇ? ಮೈಸೂರೋಳು ಅಂತ ತಪ್ಪಿಸ್ಕೋಬೇಡಿ.”

“ಸುಮ್ನಿರೇ.”

“ಅಂಗಡಿ ತೋಟಾ ಬೇಡ. ನಮ್ಮನೇಲಿ ತುಂಬಿದ್ದೇ ಆಗ್ಬೇಕು.”

ಹೊಡೆಯುತ್ತೇನೆ ಎಂದೆ.

ಅವಳ ಅಂತ್ಯಕ್ರಿಯೆ ಮುಗಿದ ಮೇಲಿನ ಶನಿವಾರ ಅದೇ ಮೇಜಿಗೆ ಕುಳಿತು ಎರಡು ತೋಟಾ ತುಂಬಿದೆ. ಯಾವುದನ್ನೂ ಅವಸರದಲ್ಲಿ ಮಾಡಲಿಲ್ಲ. ಎರಡು ಕೊಳವೆಗಳನ್ನು ನಿಲ್ಲಿಸಿ, ಕೈ ತೊಳೆಯಲು ಹೋಗಿ, ಬಂದು, ಗುಂಡು ಒತ್ತಿದೆ.

ಭಾನುವಾರ ರೇಂಜ್ ಆಫೀಸರ್ ನನ್ನ ಬೆನ್ನ ಹಿಂದೆ ನಿಂತ. ಬೇರೆಯವರನ್ನೆಲ್ಲ ಸ್ವಲ್ಪ ಹೊತ್ತು ತಡೆದಿದ್ದ. ಮೊದಲ ಈಡಿನ ಸದ್ದು ಮರಗಳ ಸಾಲಿಗೆ ಬಡಿದು ಮರಳಿ ಬಂತು. ಎರಡನೆಯದಕ್ಕೆ ಕೋವಿಯ ಕುದುರೆ ಎಳೆದೆ. ಬಾಟಲಿಯ ಮುಚ್ಚಳ ಕಿತ್ತಷ್ಟೇ ಸದ್ದು.

“ಸ್ಟಾಪ್! ಬೋಲ್ಟ್ ಮುಟ್ಟಬೇಡ, ಮೇಟ್.”

ತೋಟಾ ತಡವಾಗಿ ಸಿಡಿಯಬಹುದು, ನಳಿಕೆಯನ್ನು ಗುರಿಯತ್ತಲೇ ಹಿಡಿದು ಕಾಯಬೇಕು. ಕಾದೆ. ಆಗಲೇ ನನಗೆ ಗೊತ್ತಾಗಿತ್ತು. ಕೈ ತೊಳೆಯಲು ಎದ್ದು ಹೋದಾಗ ಆ ಕೋಣೆಯಲ್ಲಿ ಯಾರೂ ಇರಲಿಲ್ಲ.

ಅವನು ಪರೀಕ್ಷಿಸಿದ. ಗುಂಡು ನಳಿಕೆಯಲ್ಲಿ ಸಿಕ್ಕಿಕೊಂಡಿತ್ತು. “ಒಳಗೆ ಮದ್ದೇ ಇರಲಿಲ್ಲ,” ಎಂದ ಮೆತ್ತಗೆ. “ನನ್ನ ರೈಫಲ್ ತಗೋ. ಅಂಗಡಿಯ ತೋಟಾ ಇದೆ.”

“ಬೇಡ. ಅವಳು ಕೇಳಿದ್ದು ಮನೆಯದು.”

ಅವನು ಒತ್ತಾಯಿಸಲಿಲ್ಲ. ಪಕ್ಕದ ಸಾಲಿನಲ್ಲಿ ಮತ್ತೆ ಗುಂಡಿನ ಸದ್ದು ಶುರುವಾಯಿತು. ಕೊಡಗಿನಲ್ಲಾಗಿದ್ದರೆ ಆ ಒಂದು ಈಡು ಕೇಳಿದವರು ಯಾರ ಮನೆಯಲ್ಲಿ ಮಗು ಹುಟ್ಟಿತೆಂದು ವಿಚಾರಿಸುತ್ತಿದ್ದರು.

ರೈಫಲ್ ರಿಪೇರಿಯಾಗಿ ಬಂದಿದೆ. ಇನ್ನೊಂದು ತೋಟಾ ತುಂಬುವಾಗ ಕರೆ, ನಾನೇ ಬಂದು ಒಳಗೆ ನೋಡುತ್ತೇನೆ ಎಂದಿದ್ದಾನೆ ರೇಂಜ್ ಆಫೀಸರ್. ಒಳ್ಳೆಯ ಮನುಷ್ಯ, ಕಣ್ಣೂ ಚುರುಕು. ಟಾರ್ಚ್ ಮೇಜಿನ ಮೇಲೆ ಅವಳು ಇಟ್ಟಲ್ಲೇ ಇದೆ. ನಾನಿನ್ನೂ ಅವನನ್ನು ಕರೆದಿಲ್ಲ.