ತಳ ಕಾಣುವ ಟ್ಯಾಂಕು

೨೦೧೨ರಲ್ಲಿ ನಾನು ಬೀಳಗಿ ತಾಲ್ಲೂಕಿನ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಪರಿಸರ ಅಧಿಕಾರಿಯಾಗಿದ್ದೆ. ಆ ವರ್ಷ ನಾವು ಹೊಸದಾಗಿ ಕಟ್ಟಲಿದ್ದ ಡಿಸ್ಟಿಲರಿಗೆ, ಅಂದರೆ ಮದ್ಯಸಾರದ ಘಟಕಕ್ಕೆ, ಮುಂಬೈಯ ಹೂಡಿಕೆ ಸಂಸ್ಥೆಯೊಂದು ಬಂಡವಾಳ ಹಾಕುವುದಿತ್ತು. ಅವರದು ಒಂದೇ ಷರತ್ತು: ಕಾರ್ಖಾನೆಯ ಪರಿಸರ ವರದಿಯನ್ನು ಹೊರಗಿನ ಆಡಿಟರ್ ಬಂದು ಪರೀಕ್ಷಿಸಿ, ಬರೆದದ್ದು ನಿಜವೆಂದು ಸಹಿ ಹಾಕಬೇಕು. ಸಹಿ ಇಲ್ಲದಿದ್ದರೆ ಡಿಸ್ಟಿಲರಿಯೂ ಇಲ್ಲ.

ವರದಿ ಬರೆದವನು ನಾನೇ. ಅದರಲ್ಲಿ ಮುಖ್ಯವಾದದ್ದು ಏರೇಷನ್ ಟ್ಯಾಂಕು. ಅಲ್ಲಿ ಗಾಳಿ ಊದಿ ಬ್ಯಾಕ್ಟೀರಿಯಾ ಬೆಳೆಸುತ್ತೇವೆ. ಕೊಳಚೆ ನೀರಿನ ಕೊಳೆ ತಿನ್ನುವುದು ಅವೇ. ಟ್ಯಾಂಕು ಆರೋಗ್ಯವಾಗಿದ್ದರೆ ನೀರು ಕಂದಾಗಿ, ರಾಡಿಯಾಗಿಯೇ ಇರುತ್ತದೆ. ಇದನ್ನು ಚೀಫ್ ಇಂಜಿನಿಯರ್ ಮಲ್ಲಪ್ಪಣ್ಣನವರಿಗೆ ಹೇಳಿ ಹೇಳಿ ನನ್ನ ಬಾಯಿ ಸವೆದಿತ್ತು.

ಆಡಿಟರ್ ಬರುವ ಹಿಂದಿನ ದಿನ ಭಾನುವಾರ. ನಾನು ಜಮಖಂಡಿಗೆ, ತಂಗಿಯ ಮನೆಗೆ ಹೋಗಿದ್ದೆ. ಸೋಮವಾರ ಬಂದು ನೋಡಿದರೆ ಟ್ಯಾಂಕಿನ ಕಟ್ಟೆಗೆ ಸುಣ್ಣ, ಕೆಮ್ಮಣ್ಣಿನ ಪಟ್ಟೆ. ಒಳಗೆ ತಳ ಕಾಣುವ ತಿಳಿನೀರು.

“ಒಳಗಿನ ರಾಡಿ ಎಲ್ಲೈತ್ರಿ?”

“ಬಳದು ತಿಪ್ಪಿಗಿ ಹಾಕ್ಸೀನ್ರಿ. ಹೊಳಿ ನೀರ ತುಂಬ್ಸೀನಿ,” ಎಂದರು ಮಲ್ಲಪ್ಪಣ್ಣ, ಹಬ್ಬದ ಮುಖ ಮಾಡಿಕೊಂಡು.

“ಅದರಾಗ ಜೀವ ಇತ್ತಲ್ರೀ!”

“ಬೀಗರು ಬರೂ ಮುಂದ ಮನಿ ಬಳ್ಯಾಂಗಿಲ್ಲೇನ್ರಿ? ಹೊಲಸ ತೋರ್ಸಿ ರೊಕ್ಕ ಕೇಳೂಣೇನು?”

ನಾನು ಹಣೆ ಬಡಿದುಕೊಳ್ಳುವಷ್ಟರಲ್ಲಿ ಕಾರು ಬಂತು. ಬೆಂಗಳೂರಿನ ಆಡಿಟರ್ ಮೇಡಂ ಟ್ಯಾಂಕಿಗೆ ಬಗ್ಗಿ ನೋಡಿದರು. “ನೀರು ಚೆನ್ನಾಗಿದೆ. ಟ್ಯಾಂಕು ಸತ್ತಿದೆ.”

ಕೊಳಚೆ ಕೃಷ್ಣೆಗೆ ಹೋಗಬಾರದೆಂದು ಅಂದೇ ಕಬ್ಬು ಅರೆಯುವುದನ್ನು ನಿಲ್ಲಿಸಿದೆವು. ಬ್ಯಾಕ್ಟೀರಿಯಾ ಮತ್ತೆ ಹುಟ್ಟಬೇಕಾದರೆ ಸಗಣಿ ಕದಡಿ ಹಾಕಬೇಕು. ಅನಗವಾಡಿ ಕಡೆಯಿಂದ ಟ್ರ್ಯಾಕ್ಟರಿನಲ್ಲಿ ಸಗಣಿ ತರಿಸಿದೆ.

“ರಾಡಿ ತಗದ್ರ ಬೈತೀರಿ, ಈಗ ನೀವ ಸಗಣಿ ಹಾಕ್ತೀರಿ. ನಿಮ್ಮ ಇಂಜಿನಿಯರಿಂಗ್ ನನಗ ತಿಳೀಲಿಲ್ಲ ಬಿಡ್ರಿ,” ಎಂದರು ಮಲ್ಲಪ್ಪಣ್ಣ. ನಾನು ಇನ್ನೊಂದು ಬುಟ್ಟಿ ಸಗಣಿ ಸುರಿಸಿದೆ.

ಟ್ಯಾಂಕು ಕಂದುಬಣ್ಣಕ್ಕೆ ತಿರುಗಿದ ಮೇಲೆ ಮೇಡಂ ಮತ್ತೆ ಬಂದರು. ಟ್ಯಾಂಕು ತೊಳೆದದ್ದು, ಕಾರ್ಖಾನೆ ನಿಂತದ್ದು, ಮತ್ತೆ ಸರಿಯಾದದ್ದು ಎಲ್ಲವನ್ನೂ ವರದಿಗೆ ಸೇರಿಸಲು ಹೇಳಿದರು. ನಮ್ಮ ಕಾರ್ಖಾನೆಯ ಅಧ್ಯಕ್ಷರು ಕೈ ಮುಗಿದರು.

“ತೊಳದದ್ದೊಂದ ಬಿಟ್ಟು ಸಹಿ ಮಾಡ್ರಿ, ಮೇಡಂ.”

“ಅದು ಇದ್ದರೇ ಸಹಿ.”

ನಾನು ಎಲ್ಲವನ್ನೂ ಬರೆದೆ, ಮೇಡಂ ಸಹಿ ಹಾಕಿದರು. ಅಧ್ಯಕ್ಷರು ವಾರಗಟ್ಟಲೆ ನನ್ನ ಮುಖ ನೋಡಲಿಲ್ಲ. ಕೊನೆಗೆ ಮುಂಬೈಯಿಂದ ಒಪ್ಪಿಗೆ ಬಂತು. ಅವರು ನೋಡಿದ ಬೇರೆ ಕಾರ್ಖಾನೆಗಳ ವರದಿಯಲ್ಲಿ ತಪ್ಪೇ ಇರಲಿಲ್ಲ, ಅದಕ್ಕೇ ನಂಬಿಕೆ ಬರಲಿಲ್ಲ ಎಂದರಂತೆ. ಆದರೆ ಮೊದಲ ಕಂತು ಡಿಸ್ಟಿಲರಿಗಲ್ಲ, ಒಂದು ಕೆಟ್ಟರೆ ಇನ್ನೊಂದಿರಲಿ ಎಂದು ಎರಡನೆಯ ಏರೇಷನ್ ಟ್ಯಾಂಕಿಗೆ.

ಬಂಡವಾಳ ಹಾಕುವವರು ಅಂಗಳ ನೋಡಲು ಬರುವ ಬೀಗರಲ್ಲ. ಕೆಟ್ಟಾಗ ಇವರು ಹೇಳುತ್ತಾರೋ ಮುಚ್ಚಿಡುತ್ತಾರೋ ಎಂದು ತಿಳಿಯಲು ಬರುವವರು. ನನ್ನ ಕೆಲಸ ನನಗೆ ಕಲಿಸಿದ್ದು ಇಷ್ಟು. ಮಲ್ಲಪ್ಪಣ್ಣನವರಿಗೆ ಏನು ಕಲಿಸಿತೋ ಕಾಣೆ. ಹೊಸ ಟ್ಯಾಂಕು ಶುರುವಾದ ದಿನ ಸುಣ್ಣದ ಬಕೆಟ್ ಹಿಡಿದು ನಿಂತಿದ್ದರು.

“ಹೊರಗಷ್ಟ ಬಳೀತೀನ್ರಿ. ಒಳಗ ಕೈ ಹಚ್ಚಾಂಗಿಲ್ಲ, ನಿಮ್ಮಾಣಿ.”